ಸಿನಿಮಾದ ಜೇನ್, ಬರೆಯುವ ಜೇನ್



ಕಾದಂಬರಿಯನ್ನು ಆಧರಿಸಿದ ಸಿನಿಮಾಗಳ ಬಗ್ಗೆ ಇಂಥ ವೇದಿಕೆಗಳಲ್ಲಿ ಸಾಕಷ್ಟು ಚರ್ಚೆಯಾಗಿದೆ. ಕಾದಂಬರಿ ಬರೆದವಳನ್ನೇ ನಾಯಕಿಯಾಗಿ ಮಾಡಿಕೊಂಡ ಸಿನಿಮಾಗಳ ಬಗ್ಗೆ ನಡೆದ ಚರ್ಚೆ ಕಡಿಮೆ. ಇವತ್ತು ಅಂಥ ಒಂದು ಚಿತ್ರವನ್ನೂ, ಅದನ್ನು ನೋಡಿದ ಜನ ಏನೆಂದರು ಎಂಬುದನ್ನೂ ಇಟ್ಟುಕೊಂಡು ಮಾತಾಡುತ್ತೇನೆ. ಚಿತ್ರದ ಹೆಸರು ‘ಬಿಕಮಿಂಗ್ ಜೇನ್’. 2007ರ ಮಾರ್ಚ್‌ನಲ್ಲಿ ಬ್ರಿಟನ್ನಿನಲ್ಲಿ, ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ತೆರೆಕಂಡಿತು. ನಿರ್ದೇಶಕ ಜೂಲಿಯನ್ ಜ್ಯಾರಲ್ಡ್. ಜೇನ್ ಆಸ್ಟೆನ್ ಪಾತ್ರದಲ್ಲಿ ಅಮೆರಿಕದ ನಟಿ ಆ್ಯನ್ ಹ್ಯಾಥವೇ. ಐರ್ಲೆಂಡಿನ ಕಾನೂನು ವಿದ್ಯಾರ್ಥಿ ಟಾಮ್ ಲೆಫ್ರಾಯ್ ಪಾತ್ರದಲ್ಲಿ ಸ್ಕಾಟ್ಲೆಂಡಿನ ಜೇಮ್ಸ್ ಮ್ಯಾಕವಾಯ್. ಕಥೆ ನಡೆಯುವುದು ಇಂಗ್ಲೆಂಡಿನ ಹ್ಯಾಂಪ್‌ಶೈರ್ ಸೀಮೆಯಲ್ಲಿ, ಚಿತ್ರೀಕರಣವಾದದ್ದು ಐರ್ಲೆಂಡಿನಲ್ಲಿ. ಜಾನ್ ಸ್ಪೆನ್ಸ್ 2003ರಲ್ಲಿ ಪ್ರಕಟಿಸಿದ ಆಸ್ಟೆನ್ ಜೀವನಚರಿತ್ರೆಯೊಂದರ ಆಧಾರ ಇದಕ್ಕಿದೆ.

ಚಿತ್ರ ನೋಡದವರಿಗಾಗಿ ಕಥೆಯನ್ನು ಹೇಳಿಬಿಡುತ್ತೇನೆ. 1795ರ ಸುಮಾರು. ಸ್ಟೀವನ್‌ಟನ್ ಎಂಬ ಹಳ್ಳಿಯ ಪಾದ್ರಿಯ ಮಗಳು ಜೇನ್‌ಗೆ ಇಪ್ಪತ್ತರ ಪ್ರಾಯ. ಲಂಡನ್ನಿನಿಂದ ಬಂದ ಲೆಫ್ರಾಯ್ ಅವಳು ಬರೆದದ್ದನ್ನು ಓದುವಾಗ ತೂಕಡಿಸುತ್ತಾನೆ. ನಿನಗೆ ಲೋಕದ ಅನುಭವ ಸಾಲದು ಎನ್ನುತ್ತಾನೆ. ಹೆನ್ರಿ ಫೀಲ್ಡಿಂಗ್‌ನ ‘ಟಾಮ್ ಜೋನ್ಸ್’ ಓದಲು ಹಚ್ಚುತ್ತಾನೆ. ಜಗಳ ಒಲವಾಗುತ್ತದೆ. ಇಬ್ಬರ ಬಳಿಯೂ ಹಣವಿಲ್ಲ. ಮನೆಯವರಿಗೆ ತಿಳಿಸದೆ ಹೊರಟುಬಿಡುತ್ತಾರೆ. ದಾರಿಯಲ್ಲಿ ಅವನಿಗೆ ಊರಿನಿಂದ ಬಂದಿದ್ದ ಕಾಗದ ಅವಳ ಕೈಗೆ ಸಿಗುತ್ತದೆ. ಅವನು ಕಳಿಸುವ ಹಣವನ್ನೇ ನಂಬಿ ಐರ್ಲೆಂಡಿನಲ್ಲಿ ಒಂದು ದೊಡ್ಡ ಸಂಸಾರ ಬದುಕುತ್ತಿದೆ. ಅದನ್ನು ತಿಳಿದ ಜೇನ್ ತಾನೇ ಹಿಂದಿರುಗುತ್ತಾಳೆ. ಎಷ್ಟೋ ವರ್ಷಗಳ ಮೇಲೆ, ಲೇಖಕಿಯಾಗಿ ಹೆಸರಾದ ಜೇನ್ ಒಂದು ಸಂಗೀತ ಕೂಟದಲ್ಲಿ ಅವನನ್ನು ಕಾಣುತ್ತಾಳೆ. ಜೊತೆಗೆ ಅವನ ಮಗಳಿದ್ದಾಳೆ. ಆ ಹುಡುಗಿಯ ಹೆಸರೂ ಜೇನ್.

ಈ ಕೊನೆಯ ದೃಶ್ಯದಲ್ಲಿ ಅಳದವರು ಕಡಿಮೆ. ಮೆಚ್ಚಿದವರು ಮ್ಯಾಕವಾಯ್‌ನ ಕಣ್ಣುಗಳನ್ನು, ನೃತ್ಯದ ಸಾಲಿನಲ್ಲಿ ಅವನು ತಟ್ಟನೆ ಕಾಣಿಸಿಕೊಳ್ಳುವ ಕ್ಷಣವನ್ನು, ಹಸಿರು ಹೊಲಗಳನ್ನು ಮತ್ತೆ ಮತ್ತೆ ನೆನೆದರು. ಮೆಚ್ಚದವರ ದೂರುಗಳು ಹಲವು ಬಗೆಯವು. ಇಂಗ್ಲಿಷ್ ಸಾಹಿತ್ಯದ ಇಂಥ ಲೇಖಕಿಯ ಪಾತ್ರಕ್ಕೆ ಅಮೆರಿಕದ ನಟಿ ಯಾಕೆ ಎಂದು ಕೆಲವರು ಕೇಳಿದರು. ಇಷ್ಟು ಚೆಲುವೆ ಯಾಕೆ ಎಂದು ಇನ್ನು ಕೆಲವರು. ಅಕ್ಕ ಕಸಾಂಡ್ರಾ ಬಿಡಿಸಿದ, ಈಗ ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿರುವ ಪುಟ್ಟ ಚಿತ್ರದಲ್ಲಿ ಕಾಣುವುದು ತುಟಿ ಬಿಗಿದ, ಕೈಕಟ್ಟಿ ಕೂತ ಹೆಂಗಸು. ಪರದೆಯ ಮೇಲಿದ್ದವಳು ಬೇರೆ. ಆಸ್ಟೆನ್ ಓದಿಕೊಂಡವರ ಕೋಪ ಎಲ್ಲಕ್ಕಿಂತ ದೊಡ್ಡದಿತ್ತು. ಓಡಿಹೋದದ್ದು ಎಲ್ಲಿಯೂ ದಾಖಲಾಗಿಲ್ಲ, ಕೊನೆಯ ಭೇಟಿ ನಡೆದೇ ಇಲ್ಲ, ಕಾದಂಬರಿಕಾರ್ತಿ ಆನ್ ರ‍್ಯಾಡ್‌ಕ್ಲಿಫ್‌ಳನ್ನು ಜೇನ್ ಕಂಡು ಮಾತಾಡಿದಳೆಂಬುದಕ್ಕೆ ಆಧಾರವಿಲ್ಲ ಎಂದು ಅವರು ಒಂದೊಂದಾಗಿ ಎತ್ತಿ ತೋರಿಸಿದರು. ಅದಕ್ಕೆ ಉತ್ತರವಾಗಿ, ಇದು ಸಿನಿಮಾ, ಪಾಠಪುಸ್ತಕವಲ್ಲ ಎಂದು ಮೆಚ್ಚಿದವರು ಹೇಳಿದರು. ವಾದ ಅಲ್ಲಿಗೇ ನಿಂತಿತು.

ಅಲ್ಲಿಗೆ ನಿಲ್ಲಬಾರದಿತ್ತು ಎಂಬುದು ನನ್ನ ಅಭಿಪ್ರಾಯ. ಅತ್ತವರ ಕಣ್ಣೀರು ಸಾಚಾ, ಅದಕ್ಕೆ ಕಾರಣವೂ ಗೌರವಿಸಬೇಕಾದದ್ದು. ತನ್ನ ಆರು ಕಾದಂಬರಿಗಳಲ್ಲಿಯೂ ನಾಯಕಿಗೆ ಒಪ್ಪುವ ಗಂಡನ್ನು ಹುಡುಕಿ ಮದುವೆ ಮಾಡಿಸಿದವಳು ತಾನು ಮದುವೆಯಿಲ್ಲದೆ, ನಲವತ್ತೊಂದನೆಯ ವಯಸ್ಸಿನಲ್ಲಿ, 1817ರ ಜುಲೈ 18ರಂದು ವಿಂಚೆಸ್ಟರ್‌ನ ಬಾಡಿಗೆ ಮನೆಯಲ್ಲಿ ತೀರಿಕೊಂಡಳು. ಅವಳ ಪುಸ್ತಕಗಳಿಂದ ಇಷ್ಟು ಸುಖ ಪಡೆದ ನಾವು ಅವಳಿಗೂ ಅದರಲ್ಲಿ ಒಂದು ಪಾಲು ಸಿಕ್ಕಿರಲಿ ಎಂದು ಬಯಸುತ್ತೇವೆ. ಓದುಗರು ಲೇಖಕಿಗೆ ತೋರಬಹುದಾದ ಅತ್ಯಂತ ಸಹಜವಾದ ಮಮತೆ ಇದು. ಇದನ್ನು ಹಗುರವಾಗಿ ಕಾಣುವ ವಿದ್ವಾಂಸರೊಂದಿಗೆ ನಾನಿಲ್ಲ.

ಚಿತ್ರ ಸರಿಯಾಗಿ ಹಿಡಿದ ಒಂದು ಸಂಗತಿಯನ್ನು ಮೊದಲು ಹೇಳಬೇಕು. ಅದು ಹಣ. ಜೂಲಿ ವಾಲ್ಟರ್ಸ್ ಅಭಿನಯಿಸಿದ ತಾಯಿ ಆಲೂಗಡ್ಡೆ ಅಗೆಯುತ್ತ ಮಗಳಿಗೆ ಬಡತನದ ಪಾಠ ಹೇಳುವ ದೃಶ್ಯವಿದೆ. ಪ್ರೀತಿಸಿ ಬಡವನ ಕೈಹಿಡಿದ ತಾಯಿ, ಅದೇ ತಪ್ಪನ್ನು ಮಾಡಬೇಡ ಎನ್ನುತ್ತಾಳೆ. ಆಸ್ಟೆನ್‌ಳ ಕಾದಂಬರಿಗಳಲ್ಲಿ ಯಾರಿಗೆ ವರ್ಷಕ್ಕೆ ಎಷ್ಟು ಪೌಂಡ್ ವರಮಾನ ಎಂಬುದು ಅವರ ಹೆಸರು ಹೇಳಿದೊಡನೆಯೇ ಬರುತ್ತದೆ. ಬಾಗಿದ ಟೋಪಿ, ಗಾಡಿ, ನೃತ್ಯಗಳ ಅಂದದಲ್ಲಿ ಬೇರೆ ಆಸ್ಟೆನ್ ಚಿತ್ರಗಳು ಮರೆಸಿಬಿಡುವ ಈ ಲೆಕ್ಕವನ್ನು ‘ಬಿಕಮಿಂಗ್ ಜೇನ್’ ಮರೆಸುವುದಿಲ್ಲ.

ತರಗತಿಯಲ್ಲಿ ಈ ಚಿತ್ರವನ್ನು ತೋರಿಸಿದಾಗ ಪ್ರತಿ ಸಲವೂ ಬಂದ ಪ್ರಶ್ನೆ: ಅವಳು ಯಾಕೆ ವಾಪಸ್ ಹೋದಳು? ವಿಚಿತ್ರವೆಂದರೆ ಉತ್ತರವನ್ನು ನಾನು ಹೇಳಬೇಕಾಗುತ್ತಿರಲಿಲ್ಲ. ಲೆಫ್ರಾಯ್ ಮನೆಗೆ ಹಿರಿಮಗ, ಮೇಲೆ ಅಕ್ಕಂದಿರು, ಓದಿಸುತ್ತಿರುವವರು ಶ್ರೀಮಂತ ಬಂಧು. ಅವರ ಮನಸ್ಸಿಗೆ ವಿರುದ್ಧವಾಗಿ ಮದುವೆಯಾದರೆ ಇಡೀ ಮನೆ ಬೀದಿಗೆ ಬೀಳುತ್ತದೆ. ಮಂಡ್ಯದ, ಹಾಸನದ ಹಳ್ಳಿಗಳಿಂದ ಬಂದ ಮಕ್ಕಳಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವೇನಿದೆ? ನಿಜದ ಲೆಫ್ರಾಯ್ ಕೂಡ ಹಾಗೆಯೇ ಇದ್ದವನು. ಐವರು ಅಕ್ಕಂದಿರ ನಂತರ ಹುಟ್ಟಿದ ಹಿರಿಮಗ, ಬಂಧುವೊಬ್ಬನ ಆಸರೆಯಲ್ಲಿ ಓದುತ್ತಿದ್ದವನು. ಇಂಗ್ಲೆಂಡಿನ ವಿಮರ್ಶಕರಿಗೆ ಕೃತಕವೆನಿಸಿದ ಆ ತಿರುವು ನಮ್ಮ ವಿದ್ಯಾರ್ಥಿಗಳಿಗೆ ಕೃತಕವೆನಿಸಲಿಲ್ಲ. ಪ್ರೇಕ್ಷಕರ ಪ್ರತಿಕ್ರಿಯೆ ಎಂದಾಗ ಅದು ಲಂಡನ್, ನ್ಯೂಯಾರ್ಕ್‌ಗಳ ಪತ್ರಿಕೆಗಳಲ್ಲಿ ಅಚ್ಚಾದದ್ದಷ್ಟೇ ಅಲ್ಲವಲ್ಲ.

ಇನ್ನು ದಾಖಲೆಗಳಿಗೆ ಬರೋಣ. ಆಸ್ಟೆನ್ ಬರೆದ ಕಾಗದಗಳಲ್ಲಿ ಸುಮಾರು 160 ಉಳಿದಿವೆ. ಅವಳು ಬರೆದದ್ದು ಇನ್ನೂ ಎಷ್ಟೋ. ಕಸಾಂಡ್ರಾ ತಾನು ಸಾಯುವ ಎರಡು ಮೂರು ವರ್ಷ ಮೊದಲು ಬಹುಪಾಲನ್ನು ಸುಟ್ಟಳು, ಕೆಲವನ್ನು ಕತ್ತರಿಸಿದಳು. ಉಳಿದವುಗಳಲ್ಲಿ ಅತ್ಯಂತ ಹಳೆಯದು 1796ರ ಜನವರಿ 9ರದ್ದು, ಅಂದರೆ ಕಸಾಂಡ್ರಾಳ ಹುಟ್ಟುಹಬ್ಬದ ದಿನದ್ದು. ಅದರಲ್ಲೇ ಲೆಫ್ರಾಯ್ ಬರುತ್ತಾನೆ. ಹಿಂದಿನ ದಿನ ಅವನಿಗೆ ಇಪ್ಪತ್ತು ತುಂಬಿದೆ. ಜೇನ್‌ಗೆ ಇಪ್ಪತ್ತು ತುಂಬಿ ತಿಂಗಳೂ ಆಗಿಲ್ಲ. ಮೂರು ನೃತ್ಯಕೂಟಗಳಲ್ಲಿ ಭೇಟಿಯಾಗಿದ್ದಾರೆ, ಜನರ ಕಣ್ಣಿಗೆ ಬೀಳುವಷ್ಟು ಸಲಿಗೆಯಿಂದ ಕುಣಿದಿದ್ದಾರೆ, ಕೂತು ಮಾತಾಡಿದ್ದಾರೆ. ಒಂದು ವಾರದೊಳಗೆ ಬರೆದ ಇನ್ನೊಂದು ಕಾಗದದಲ್ಲಿ, ಅವನು ಮದುವೆಯ ಪ್ರಸ್ತಾಪ ತರಬಹುದು, ತನ್ನ ಬಿಳಿ ಕೋಟನ್ನು ಬಿಡುವೆನೆಂದು ಮಾತು ಕೊಡದಿದ್ದರೆ ಒಲ್ಲೆನೆನ್ನುವೆ ಎಂದು ನಗೆಯಾಡುತ್ತಾಳೆ. ಆಮೇಲೆ, ಇವತ್ತೇ ಕೊನೆಯ ದಿನ, ಬರೆಯುತ್ತಿದ್ದಂತೆ ಕಣ್ಣೀರು ಹರಿಯುತ್ತಿದೆ ಎನ್ನುತ್ತಾಳೆ. ಆ ಕಣ್ಣೀರು ತಮಾಷೆಯದೋ ನಿಜದ್ದೋ ಎಂದು ಓದುಗರು ಇಂದಿಗೂ ಬಡಿದಾಡುತ್ತಿದ್ದಾರೆ. ಎರಡೂ ಇರಬಹುದು ಎಂದು ನನಗನಿಸುತ್ತದೆ. ಅಕ್ಕನಿಗೆ ಬರೆಯುವಾಗ ನೋವನ್ನು ನಗೆಯಲ್ಲಿ ಸುತ್ತಿ ಕೊಡುವುದು ಅವಳ ಸ್ವಭಾವ.

ಇನ್ನೊಂದು ಕಾಗದ 1798ರ ನವೆಂಬರಿನದು. ಲೆಫ್ರಾಯ್‌ನ ಚಿಕ್ಕಮ್ಮ, ಜೇನ್‌ಗೆ ಬಹಳ ಬೇಕಾದವಳು, ಮನೆಗೆ ಬಂದಿದ್ದಾಳೆ. ಅವನ ಮಾತೆತ್ತುವುದಿಲ್ಲ. ಕೇಳಲು ಜೇನ್‌ಗೆ ಅಭಿಮಾನ ಅಡ್ಡ ಬರುತ್ತದೆ. ಕೊನೆಗೆ ಅಪ್ಪನೇ ಕೇಳುತ್ತಾರೆ. ಅವನು ಲಂಡನ್ನಿಗೆ ಮರಳಿದ, ಅಲ್ಲಿಂದ ಐರ್ಲೆಂಡಿಗೆ ಹೋಗಿ ವಕೀಲಿ ಹಿಡಿಯುತ್ತಾನೆ ಎಂದು ತಿಳಿಯುತ್ತದೆ. ಅಷ್ಟೇ. ಕೇಳಬೇಕೆಂದಿದ್ದರೂ ಕೇಳಲಾರದೆ ಕೂತ ಮಗಳು, ಅದನ್ನು ಅರಿತು ತಾನೇ ಕೇಳಿದ ಅಪ್ಪ. ಈ ಒಂದು ಸನ್ನಿವೇಶದಲ್ಲಿ ಚಿತ್ರದ ಓಡಿಹೋಗುವ ಭಾಗಕ್ಕಿಂತ ಹೆಚ್ಚು ಪ್ರೇಮವಿದೆ ಎಂದು ನನ್ನ ಭಾವನೆ. ಅದು ಚಿತ್ರದಲ್ಲಿಲ್ಲ.

ಲೆಫ್ರಾಯ್ 1799ರಲ್ಲಿ ಮೇರಿ ಪಾಲ್ ಎಂಬಾಕೆಯನ್ನು ಮದುವೆಯಾದ. ಮೊದಲ ಮಗಳ ಹೆಸರಿನಲ್ಲಿ ಜೇನ್ ಇದೆ ನಿಜ. ಆದರೆ ಅವನ ಅತ್ತೆಯ ಹೆಸರೂ ಜೇನ್. 1852ರಲ್ಲಿ ಐರ್ಲೆಂಡಿನ ಮುಖ್ಯ ನ್ಯಾಯಾಧೀಶನಾದ, ತೊಂಬತ್ತು ದಾಟುವವರೆಗೂ ಆ ಸ್ಥಾನದಲ್ಲಿದ್ದ, 1869ರಲ್ಲಿ ತೀರಿಕೊಂಡ. ಮುಪ್ಪಿನಲ್ಲಿ ಬಂಧುವೊಬ್ಬ ಕೇಳಿದಾಗ, ಹೌದು, ಅವಳನ್ನು ಪ್ರೀತಿಸಿದ್ದೆ, ಅದು ಹುಡುಗುಪ್ರಾಯದ ಪ್ರೀತಿ ಎಂದನಂತೆ. ದಾಖಲೆ ಇಷ್ಟೇ. ಇಷ್ಟರಿಂದ ಎರಡು ಗಂಟೆಯ ಚಿತ್ರ ಮಾಡುವವರು ಕಲ್ಪಿಸಲೇಬೇಕು. ಮುತ್ತು ಕಲ್ಪಿಸಲಿ, ಪಲಾಯನ ಕಲ್ಪಿಸಲಿ, ಕ್ರಿಕೆಟ್ ಆಟದಲ್ಲಿ ಜೇನ್ ಬ್ಯಾಟು ಹಿಡಿಯಲಿ. ನನ್ನ ತಕರಾರು ಇವುಗಳ ಮೇಲಿಲ್ಲ. ಸಿಟ್ಟಾದ ಓದುಗರು ದಿನಾಂಕಗಳನ್ನು ಹಿಡಿದು ಹೊರಟರು. ಆ ಗಡಿಬಿಡಿಯಲ್ಲಿ ಚಿತ್ರ ಮಾಡಿದ ದೊಡ್ಡ ಅನ್ಯಾಯ ಅವರ ಕೈತಪ್ಪಿತು.

ಆ ಅನ್ಯಾಯ ಇದು: ಲೆಫ್ರಾಯ್ ಬಂದ ಮೇಲೆಯೇ ಅವಳು ಬರಹಗಾರ್ತಿಯಾದಳು ಎಂದು ಚಿತ್ರ ಹೇಳುತ್ತದೆ. ಮೊದಲು ಅವಳು ಬರೆಯುತ್ತಿದ್ದದ್ದು ಮನೆಯವರನ್ನು ಮೆಚ್ಚಿಸುವ ಹುಡುಗಾಟ. ಅವನು ತೂಕಡಿಸಿದ ಮೇಲೆ ಅವಳು ಹಾಳೆಗಳನ್ನು ಸುಡುತ್ತಾಳೆ. ಅವನು ಕೊಟ್ಟ ಪುಸ್ತಕ ಓದಿ ಕಣ್ತೆರೆಯುತ್ತಾಳೆ. ಅವನನ್ನು ಕಳೆದುಕೊಂಡು ದೊಡ್ಡವಳಾಗುತ್ತಾಳೆ. ಬಹುಪಾಲು ಪ್ರೇಕ್ಷಕರು ಇದನ್ನು ಒಪ್ಪಿಕೊಂಡರು. ಈ ಪ್ರೀತಿ ಇಲ್ಲದಿದ್ದರೆ ‘ಪ್ರೈಡ್ ಆ್ಯಂಡ್ ಪ್ರೆಜುಡಿಸ್’ ಹುಟ್ಟುತ್ತಿರಲಿಲ್ಲ ಎಂಬ ಮಾತನ್ನು ಚಿತ್ರ ಮೆಚ್ಚಿದ ಎಷ್ಟೋ ಜನರ ಬಾಯಲ್ಲಿ ಕೇಳಿದ್ದೇನೆ, ಓದಿದ್ದೇನೆ.

‘ಟಾಮ್ ಜೋನ್ಸ್’ ಸಂಗತಿಯನ್ನೇ ನೋಡಿ. 1796ರ ಆ ಮೊದಲ ಕಾಗದದಲ್ಲಿ ಜೇನ್, ಲೆಫ್ರಾಯ್‌ನ ತಿಳಿಬಣ್ಣದ ಕೋಟಿಗೂ ಫೀಲ್ಡಿಂಗ್‌ನ ನಾಯಕ ಗಾಯಗೊಂಡಾಗ ತೊಟ್ಟಿದ್ದ ಬಟ್ಟೆಗೂ ಸಂಬಂಧ ಕಲ್ಪಿಸಿ ತಮಾಷೆ ಮಾಡುತ್ತಾಳೆ. ಕಾದಂಬರಿಯ ನಡುವೆ ಎಲ್ಲೋ ಬರುವ ಒಂದು ಬಟ್ಟೆಯ ಬಣ್ಣ ಅವಳಿಗೆ ನೆನಪಿದೆ. ಅಕ್ಕನಿಗೂ ಅರ್ಥವಾಗುತ್ತದೆಂದು ಗೊತ್ತಿದೆ. ಎಂದರೆ ಪಾದ್ರಿಯ ಮನೆಯ ಹೆಣ್ಣುಮಕ್ಕಳಿಬ್ಬರೂ ಆ ಪುಸ್ತಕವನ್ನು ಚೆನ್ನಾಗಿ ಬಲ್ಲವರು. ಅವನು ಕೊಟ್ಟು ಓದಿಸುವ ಅಗತ್ಯವೇ ಇರಲಿಲ್ಲ. ಅವರಪ್ಪ 1801ರಲ್ಲಿ ಸ್ಟೀವನ್‌ಟನ್ ಬಿಡುವಾಗ ಮಾರಲಿಟ್ಟ ಪುಸ್ತಕಗಳೇ ಐನೂರಕ್ಕೂ ಹೆಚ್ಚು. ಚಿತ್ರಕಥೆಗಾರರು ಇದೇ ಕಾಗದವನ್ನು ಓದಿ, ಅವಳ ಜಾಣತನಕ್ಕೆ ಸಾಕ್ಷಿಯಾಗಿದ್ದ ಸಾಲನ್ನು ಅವನ ಗುರುತನಕ್ಕೆ ಸಾಕ್ಷಿ ಮಾಡಿಕೊಂಡರು. ಇದು ನನಗೆ ನಿಜವಾಗಿ ನೋವು ಕೊಡುತ್ತದೆ.

ಅನುಭವದ ಮಾತಿಗೆ ಬರೋಣ. ಲೆಫ್ರಾಯ್ ಹ್ಯಾಂಪ್‌ಶೈರ್‌ಗೆ ಬರುವ ಹೊತ್ತಿಗೆ ಜೇನ್ ಮೂರು ನೋಟ್‌ಬುಕ್ ತುಂಬ ಕಥೆ, ನಾಟಕ, ಅಣಕ ಬರೆದಿಟ್ಟಿದ್ದಳು. ಹದಿನಾಲ್ಕನೆಯ ವಯಸ್ಸಿನಲ್ಲಿ ಆ ಕಾಲದ ಅಳುಬುರುಕ ಕಾದಂಬರಿಗಳನ್ನು ಗೇಲಿ ಮಾಡಿದ ಪತ್ರರೂಪದ ಕಥೆ. ಹದಿನೈದರಲ್ಲಿ ಇಂಗ್ಲೆಂಡಿನ ಇತಿಹಾಸದ ಅಣಕ, ಕಸಾಂಡ್ರಾ ಬಿಡಿಸಿದ ರಾಜರಾಣಿಯರ ಚಿತ್ರಗಳೊಂದಿಗೆ. ಅಕ್ಕನ ಹೆಸರನ್ನೇ ಇಟ್ಟ ಒಂದು ಪುಟ್ಟ ಕಥೆಯಲ್ಲಿ ನಾಯಕಿ ಟೋಪಿಯೊಂದನ್ನು ಎತ್ತಿಕೊಂಡು ಊರು ಸುತ್ತುತ್ತಾಳೆ, ಮಿಠಾಯಿ ಅಂಗಡಿಯಲ್ಲಿ ಆರು ಐಸ್‌ಕ್ರೀಮ್ ತಿನ್ನುತ್ತಾಳೆ, ದುಡ್ಡು ಕೊಡದೆ ಅಂಗಡಿಯವನನ್ನು ಕೆಡವಿ ಹೊರಡುತ್ತಾಳೆ. ಇನ್ನೊಂದರಲ್ಲಿ ಹಸಿದ ಮಕ್ಕಳು ತಾಯಿಯ ಬೆರಳು ಕಚ್ಚಿ ತುಂಡರಿಸುತ್ತವೆ. ಮತ್ತೊಂದರಲ್ಲಿ ಕೂಟಕ್ಕೆ ಬಂದವರೆಲ್ಲ ಕುಡಿದು ಬೀಳುತ್ತಾರೆ. ಸುಮಾರು 1794ರ ಹೊತ್ತಿಗೆ ಬರೆದ ‘ಲೇಡಿ ಸೂಸನ್’ನಲ್ಲಿ ಗಂಡಸರನ್ನು ಬೆರಳ ತುದಿಯಲ್ಲಿ ಆಡಿಸುವ ವಿಧವೆಯೊಬ್ಬಳು ಮುಖ್ಯಪಾತ್ರ. ಲೋಕದ ಕೇಡು ಗೊತ್ತಿಲ್ಲದ ಹುಡುಗಿ ಬರೆದದ್ದೇ ಇದು? ಅಪ್ಪ ಈ ಬರಹಗಳನ್ನು ಓದಿ ಹೆದರಲಿಲ್ಲ. ಬರೆದುಕೊಳ್ಳಲು ಒಳ್ಳೆಯ ನೋಟ್‌ಬುಕ್ ತಂದುಕೊಟ್ಟರು, ಮೂರನೆಯದರಲ್ಲಿ ಮೆಚ್ಚುಗೆಯ ಸಾಲು ಬರೆದರು. ಆಸ್ಟೆನ್‌ಳ ಬೆನ್ನಿಗೆ ನಿಂತ ಗಂಡಸು ಯಾರೆಂದು ಕೇಳಿದರೆ ನಾನು ಜಾರ್ಜ್ ಆಸ್ಟೆನ್ ಎಂಬ ಈ ಹಳ್ಳಿಯ ಪಾದ್ರಿಯ ಹೆಸರು ಹೇಳುತ್ತೇನೆ.

ಚಿತ್ರದ ಪರವಾಗಿ ಒಂದು ದಿನಾಂಕವಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ‘ಪ್ರೈಡ್ ಆ್ಯಂಡ್ ಪ್ರೆಜುಡಿಸ್’ನ ಮೊದಲ ರೂಪವನ್ನು ಅವಳು ಶುರುಮಾಡಿದ್ದು 1796ರ ಅಕ್ಟೋಬರಿನಲ್ಲಿ, ಲೆಫ್ರಾಯ್ ಹೋದ ಒಂಬತ್ತು ತಿಂಗಳಿಗೆ. ಮುಂದಿನ ಆಗಸ್ಟ್‌ನಲ್ಲಿ ಮುಗಿಸಿದಳು. ಮನಸ್ಸಿಗೆ ಆದ ಏಟು ಬರವಣಿಗೆಗೆ ವೇಗ ಕೊಟ್ಟಿರಬಹುದು. ಆದರೆ ನಾವು ಓದುವ ಕಾದಂಬರಿ ಅದಲ್ಲ. 1797ರ ನವೆಂಬರಿನಲ್ಲಿ ಅಪ್ಪ ಅದನ್ನು ಕ್ಯಾಡೆಲ್ ಎಂಬ ಪ್ರಕಾಶಕನಿಗೆ ಬರೆದು ಕೇಳಿದರು. ಹಸ್ತಪ್ರತಿ ನೋಡದೆಯೇ ಬೇಡವೆಂದ. 1803ರಲ್ಲಿ ಇನ್ನೊಂದು ಕಾದಂಬರಿಯನ್ನು ಕ್ರಾಸ್ಬಿ ಎಂಬವನು 10 ಪೌಂಡಿಗೆ ಕೊಂಡು ಅಚ್ಚು ಹಾಕದೆ ಇಟ್ಟುಕೊಂಡ. ಆರು ವರ್ಷದ ನಂತರ ಅವಳು ಬೇರೆ ಹೆಸರಿನಲ್ಲಿ ಜೋರಾಗಿ ಕಾಗದ ಬರೆದಳು; ಬೇಕಿದ್ದರೆ 10 ಪೌಂಡ್ ಕೊಟ್ಟು ಹಿಂದಕ್ಕೆ ಪಡೆ ಎಂದ. ಆಗ ಅಷ್ಟು ಹಣ ಹೊಂದಿಸಲಾಗದೆ 1816ರವರೆಗೆ ಕಾದು ಮರಳಿ ಪಡೆದರು. 1805ರಲ್ಲಿ ಅಪ್ಪ ತೀರಿಕೊಂಡ ಮೇಲೆ ತಾಯಿ ಮತ್ತು ಹೆಣ್ಣುಮಕ್ಕಳಿಬ್ಬರು ಅಣ್ಣತಮ್ಮಂದಿರ ನೆರವಿನಲ್ಲಿ ಊರೂರು ಅಲೆದರು. 1809ರಲ್ಲಿ ಅಣ್ಣ ಎಡ್ವರ್ಡ್ ಚಾಟನ್ ಎಂಬಲ್ಲಿ ಮನೆ ಕೊಟ್ಟ ಮೇಲೆ ಅವಳು ಹಳೆಯ ಹಸ್ತಪ್ರತಿಗಳನ್ನು ಹೊರತೆಗೆದು ತಿದ್ದಲು ಕೂತಳು. 1811ರಲ್ಲಿ ‘ಸೆನ್ಸ್ ಆ್ಯಂಡ್ ಸೆನ್ಸಿಬಿಲಿಟಿ’ ಬಂತು, ನಷ್ಟವಾದರೆ ತಾನೇ ಹೊರುವ ಕರಾರಿನ ಮೇಲೆ. 140 ಪೌಂಡ್ ಲಾಭ ಬಂತು. ‘ಪ್ರೈಡ್ ಆ್ಯಂಡ್ ಪ್ರೆಜುಡಿಸ್’ಗೆ 150 ಕೇಳಿ 110ಕ್ಕೆ ಒಪ್ಪಬೇಕಾಯಿತು. ಅದು ಅಚ್ಚಾದದ್ದು 1813ರಲ್ಲಿ. ಮೊದಲ ರೂಪಕ್ಕೂ ಅಚ್ಚಿನ ರೂಪಕ್ಕೂ ನಡುವೆ ಸುಮಾರು ಹದಿನಾರು ವರ್ಷಗಳ ತಿದ್ದುವಿಕೆ, ಕತ್ತರಿಸುವಿಕೆ, ಕಾಯುವಿಕೆ ಇವೆ. ಆ ಹದಿನಾರು ವರ್ಷಗಳನ್ನು ಚಿತ್ರ ಹಾರಿಬಿಡುತ್ತದೆ. ಒಂದು ರಾತ್ರಿ ಮನಸ್ಸು ಮುರಿಯುತ್ತದೆ, ಬೆಳಗಾಗುವುದರಲ್ಲಿ ಪುಟ ತುಂಬುತ್ತದೆ.

ಮದುವೆಯ ಇನ್ನೊಂದು ಪ್ರಸಂಗವೂ ಹೀಗೆಯೇ ಮಾಯವಾಗಿದೆ. 1802ರ ಡಿಸೆಂಬರ್ 2ರಂದು ಹ್ಯಾರಿಸ್ ಬಿಗ್-ವಿದರ್ ಎಂಬ ಜಮೀನುದಾರರ ಮಗ ಅವಳನ್ನು ಮದುವೆಗೆ ಕೇಳಿದ. ಒಪ್ಪಿದಳು. ರಾತ್ರಿ ಕಳೆದು ಬೆಳಗಾಗುತ್ತಲೇ ಒಲ್ಲೆ ಎಂದಳು. ಅವಳಿಗಾಗ ಇಪ್ಪತ್ತಾರು ದಾಟುತ್ತಿತ್ತು. ಆ ಒಪ್ಪಿಗೆಯನ್ನು ಉಳಿಸಿಕೊಂಡಿದ್ದರೆ ತಾಯಿಗೂ ಅಕ್ಕನಿಗೂ ಜೀವಮಾನದ ನೆಲೆ ಸಿಗುತ್ತಿತ್ತು. ಚಿತ್ರದಲ್ಲಿ ವಿಸ್ಲಿ ಎಂಬ ಕಲ್ಪಿತ ಶ್ರೀಮಂತ ಬರುತ್ತಾನೆ. ಅವನನ್ನು ಬೇಡವೆನ್ನುವಾಗ ಅವಳ ಮನಸ್ಸಿನಲ್ಲಿ ಲೆಫ್ರಾಯ್ ಇದ್ದಾನೆ. ನಿಜದಲ್ಲಿ ಅವಳು ಬೇಡವೆಂದಾಗ ಅತ್ತ ಕಡೆ ಯಾರೂ ಕಾದಿರಲಿಲ್ಲ. ಕಾದಿದ್ದದ್ದು ಬಡತನ, ಅಚ್ಚಾಗದ ಮೂರು ಹಸ್ತಪ್ರತಿ. ಈ ಧೈರ್ಯವನ್ನು ನೋಡಿದ್ದರೆ ಪ್ರೇಕ್ಷಕರು ಇನ್ನೂ ಹೆಚ್ಚು ಅಳುತ್ತಿದ್ದರೇನೋ.

ಇದು ಒಂದೇ ಚಿತ್ರದ ಕಥೆಯಲ್ಲ. 2022ರಲ್ಲಿ ಫ್ರಾನ್ಸಿಸ್ ಒ’ಕಾನರ್ ‘ಎಮಿಲಿ’ ಚಿತ್ರ ಮಾಡಿದರು. ಎಮಿಲಿ ಬ್ರಾಂಟಿಗೂ ಅವಳ ತಂದೆಯ ಸಹಾಯಕ ಪಾದ್ರಿ ವಿಲಿಯಂ ವೇಟ್‌ಮನ್‌ಗೂ ನಡುವೆ ತೀವ್ರವಾದ ಪ್ರೇಮ ಕಲ್ಪಿಸಿದರು. ದಾಖಲೆಯಲ್ಲಿ ಅದರ ಸುಳಿವಿಲ್ಲ. ಮತ್ತೆ ಅದೇ ಜಗಳ, ಅದೇ ಉತ್ತರ. ‘ವದರಿಂಗ್ ಹೈಟ್ಸ್’ನಂಥ ಕೃತಿಯನ್ನು ಪಾದ್ರಿಯ ಮಗಳು ಗಂಡಸಿನ ಸ್ಪರ್ಶವಿಲ್ಲದೆ ಬರೆದಿರಲಾರಳು ಎಂಬ ಗುಮಾನಿ ಅಲ್ಲಿಯೂ ಕೆಲಸ ಮಾಡಿದೆ. ಗಂಡು ಕಾದಂಬರಿಕಾರನ ಚಿತ್ರ ತೆಗೆದಾಗ ಹೇಗಿರುತ್ತದೆ? 2017ರ ‘ದಿ ಮ್ಯಾನ್ ಹೂ ಇನ್ವೆಂಟೆಡ್ ಕ್ರಿಸ್‌ಮಸ್’ ನೋಡಿ. 1843ರಲ್ಲಿ ಡಿಕನ್ಸ್ ಆರು ವಾರಗಳಲ್ಲಿ ‘ಎ ಕ್ರಿಸ್‌ಮಸ್ ಕ್ಯಾರಲ್’ ಬರೆದು ಮುಗಿಸುವ ಕಥೆ. ಅವನ ಕೋಣೆಗೆ ಸ್ಕ್ರೂಜ್ ಖುದ್ದಾಗಿ ನಡೆದುಬರುತ್ತಾನೆ, ಜಗಳವಾಡುತ್ತಾನೆ. ಸಾಲ, ಪ್ರಕಾಶಕ, ಗಡುವು ಎಲ್ಲವೂ ಇವೆ. ಬರೆಯುವುದೇ ಅಲ್ಲಿ ಸಾಹಸ. ಅವನಿಗೆ ಪಾತ್ರಗಳು ಬಂದು ಮಾತಾಡಿಸುತ್ತವೆ, ಅವಳಿಗೆ ಪ್ರಿಯಕರ ಬಂದು ಕಲಿಸಬೇಕು. ಈ ವ್ಯತ್ಯಾಸವನ್ನು ಪ್ರೇಕ್ಷಕರು ಕೇಳಿದ್ದರೆ ವಾದ ಬೇರೆ ದಾರಿ ಹಿಡಿಯುತ್ತಿತ್ತು. ಲೇಖಕಿಯ ಕೆಲಸವನ್ನು ತೋರಿಸಿದರೆ ಜನ ನೋಡುವುದಿಲ್ಲ ಎಂಬ ನೆಪವೂ ನಿಲ್ಲುವುದಿಲ್ಲ. ಸ್ಯಾಲಿ ವೇನ್‌ರೈಟ್ 2016ರಲ್ಲಿ ಬಿಬಿಸಿಗಾಗಿ ಮಾಡಿದ ‘ಟು ವಾಕ್ ಇನ್‌ವಿಸಿಬಲ್’ನಲ್ಲಿ ಬ್ರಾಂಟಿ ಸೋದರಿಯರು ಕೂತು ಬರೆಯುತ್ತಾರೆ, ಗಂಡುಹೆಸರು ಆರಿಸುತ್ತಾರೆ, ಪ್ರಕಾಶಕರೊಂದಿಗೆ ವ್ಯವಹರಿಸುತ್ತಾರೆ, ಕಣ್ಣು ಕೀಳಲಾಗದಂತೆ ಇದೆ ಆ ಚಿತ್ರ.

ಲೆಫ್ರಾಯ್‌ನ ನೆನಪು ಆಸ್ಟೆನ್‌ಳ ಬರಹದಲ್ಲಿ ಎಲ್ಲಾದರೂ ಉಳಿದಿದ್ದರೆ ಅದನ್ನು ‘ಪರ್ಸುಯೇಷನ್’ನಲ್ಲಿ ಹುಡುಕಬೇಕು ಎನ್ನುವವರಿದ್ದಾರೆ. ನನಗೂ ಹಾಗೆ ಅನಿಸುವುದುಂಟು. ಹಣವಿಲ್ಲದ ನೌಕಾಧಿಕಾರಿ ವೆಂಟ್‌ವರ್ತ್‌ನನ್ನು ಹಿರಿಯ ಹೆಂಗಸೊಬ್ಬಳ ಮಾತು ಕೇಳಿ ಬಿಟ್ಟುಕೊಟ್ಟ ಆ್ಯನ್ ಎಲಿಯಟ್, ಎಂಟು ವರ್ಷದ ಮೇಲೆ ಅವನನ್ನು ಮತ್ತೆ ಕಾಣುವ ಕಥೆ ಅದು. ಆದರೆ ಆ ಕಾದಂಬರಿಯ ವಿಷಯದಲ್ಲಿ ನಮಗೆ ಊಹೆಗಿಂತ ಬೆಲೆಯುಳ್ಳದ್ದೊಂದು ಸಿಕ್ಕಿದೆ. ಅವಳು ಬರೆದು ತೆಗೆದುಹಾಕಿದ ಕೊನೆಯ ಅಧ್ಯಾಯಗಳ ಹಸ್ತಪ್ರತಿ ಉಳಿದಿದೆ. ಅಚ್ಚಾದ ಆರು ಕಾದಂಬರಿಗಳ ಪೈಕಿ ಅವಳ ಕೈಬರಹದಲ್ಲಿ ಉಳಿದಿರುವುದು ಇಷ್ಟೇ, ಬ್ರಿಟಿಷ್ ಲೈಬ್ರರಿಯಲ್ಲಿದೆ. 1816ರ ಜುಲೈ 18ರಂದು ಮುಗಿಯಿತೆಂದು ಬರೆದಿದ್ದಾಳೆ. ಅವಳ ಸಾವಿಗೆ ಸರಿಯಾಗಿ ಒಂದು ವರ್ಷ ಮೊದಲು. ಕಾಯಿಲೆ ಆಗಲೇ ಹಿಡಿದಿತ್ತು.

ಆ ಮೊದಲ ರೂಪದಲ್ಲಿ ಪ್ರೇಮಿಗಳು ಒಂದಾಗುವುದು ಬಹಳ ಸುಲಭ. ಅಡ್ಮಿರಲ್ ಕ್ರಾಫ್ಟ್ ಇಬ್ಬರನ್ನೂ ಒಂದು ಕೋಣೆಯಲ್ಲಿ ಸೇರಿಸುತ್ತಾನೆ; ವೆಂಟ್‌ವರ್ತ್ ಒಂದು ಪ್ರಶ್ನೆ ಕೇಳುತ್ತಾನೆ; ತಪ್ಪು ತಿಳಿವಳಿಕೆ ಕಳೆಯುತ್ತದೆ; ಮುಗಿಯಿತು. ಬರೆದವಳಿಗೆ ಅದು ಸಪ್ಪೆ ಎನಿಸಿತು. ಬೇಸರದಿಂದ ಮಲಗಿದಳು, ಮರುದಿನ ಬೆಳಗ್ಗೆ ಹೊಸ ಯೋಚನೆಯೊಂದಿಗೆ ಎದ್ದಳು ಎಂದು ಅಣ್ಣನ ಮಗ ಜೇಮ್ಸ್ ಎಡ್ವರ್ಡ್ ಆಸ್ಟೆನ್-ಲೀ 1870ರ ನೆನಪಿನ ಪುಸ್ತಕದಲ್ಲಿ ಬರೆದಿದ್ದಾನೆ. ಆಗಸ್ಟ್ 6ರ ಹೊತ್ತಿಗೆ ಹೊಸದಾಗಿ ಬರೆದು ಮುಗಿಸಿದಳು. ಈಗ ದೃಶ್ಯ ಬಾತ್ ಪಟ್ಟಣದ ವಸತಿಗೃಹದ ಗಿಜಿಗುಟ್ಟುವ ಕೋಣೆ. ವೆಂಟ್‌ವರ್ತ್ ಬೆನ್ನು ಹಾಕಿ ಕೂತು ಏನೋ ಬರೆಯುತ್ತಿದ್ದಾನೆ. ಅವನ ಗೆಳೆಯ ಹಾರ್ವಿಲ್ ಜೊತೆ ಆ್ಯನ್ ವಾದಿಸುತ್ತಿದ್ದಾಳೆ: ಯಾರ ಪ್ರೀತಿ ಹೆಚ್ಚು ಕಾಲ ಬಾಳುತ್ತದೆ, ಗಂಡಿನದೋ ಹೆಣ್ಣಿನದೋ? ಪುಸ್ತಕಗಳೆಲ್ಲ ಹೆಣ್ಣಿನ ಚಂಚಲತೆಯನ್ನೇ ಹೇಳುತ್ತವಲ್ಲ ಎಂದು ಹಾರ್ವಿಲ್ ಹೇಳಿದಾಗ ಅವಳು, ಪುಸ್ತಕಗಳನ್ನು ಸಾಕ್ಷಿಗೆ ಕರೆಯಬೇಡಿ, ಲೇಖನಿ ಇಷ್ಟು ಕಾಲ ಗಂಡಸರ ಕೈಯಲ್ಲೇ ಇತ್ತು ಎನ್ನುತ್ತಾಳೆ. ಅದಕ್ಕೆ ಸ್ವಲ್ಪ ಮೊದಲೇ ವೆಂಟ್‌ವರ್ತ್‌ನ ಲೇಖನಿ ಜಾರಿ ಬಿದ್ದಿದೆ. ಅವಳ ಮಾತು ಕೇಳುತ್ತ ಕೇಳುತ್ತ ಅವನು ಬರೆದ ಪತ್ರವೇ ಇಂಗ್ಲಿಷ್ ಕಾದಂಬರಿಯಲ್ಲಿ ಬಹುಶಃ ಅತ್ಯಂತ ಪ್ರಸಿದ್ಧವಾದ ಪ್ರೇಮಪತ್ರ.

ಅದು ಆಸ್ಟೆನ್‌ಗೆ ಯಾವ ಗಂಡಸಿನಿಂದಲೂ ಬಂದ ಪತ್ರವಲ್ಲ. ಮೂರು ವಾರಗಳೊಳಗೆ, ಅನಾರೋಗ್ಯದಲ್ಲಿ, ತಾನು ಬರೆದದ್ದು ತನಗೇ ಹಿಡಿಸದೆ, ತೆಗೆದುಹಾಕಿ ಮತ್ತೆ ಬರೆದಾಗ ಬಂದದ್ದು. ನಲವತ್ತರ ಹೆಂಗಸೊಬ್ಬಳು ಸೋತೆನೆಂದು ಮಲಗುವುದು, ಎದ್ದು ಮೇಜಿಗೆ ಬರುವುದು, ಪುಟಗಳನ್ನು ಹೊಡೆದುಹಾಕುವುದು: ಇದನ್ನು ಚಿತ್ರೀಕರಿಸುವ ನಿರ್ದೇಶಕರು ಇನ್ನೂ ಬರಬೇಕಾಗಿದೆ. ಬಂದರೆ ಅದು ಪ್ರೇಮಚಿತ್ರವೇ ಆಗುತ್ತದೆ ಎಂಬ ನಂಬಿಕೆ ನನಗಿದೆ.

2025ಕ್ಕೆ ಆಸ್ಟೆನ್ ಹುಟ್ಟಿ 250 ವರ್ಷ ತುಂಬಿತು. ಹೊಸ ಚಿತ್ರಗಳು, ಸರಣಿಗಳು ಬರುತ್ತಲೇ ಇವೆ, ನಮ್ಮ ಮೊಬೈಲುಗಳಲ್ಲೂ ಸಿಗುತ್ತವೆ. ನಮ್ಮ ಕಾಲೇಜುಗಳಲ್ಲಿ ಇಂಗ್ಲಿಷ್ ಕಲಿಸುವ ಮಿತ್ರರಲ್ಲಿ ನನ್ನದೊಂದು ವಿನಂತಿ. ‘ಬಿಕಮಿಂಗ್ ಜೇನ್’ ತೋರಿಸಬೇಡಿ ಎನ್ನುವುದಿಲ್ಲ, ಖಂಡಿತ ತೋರಿಸಿ. ಮಕ್ಕಳು ಅಳಲಿ, ಲೆಫ್ರಾಯ್‌ನನ್ನು ಮೆಚ್ಚಲಿ, ಅವಳು ಹಿಂದಿರುಗಿದ್ದು ಸರಿಯೇ ತಪ್ಪೇ ಎಂದು ಜಗಳವಾಡಲಿ. ಮರುದಿನದ ತರಗತಿಗೆ ‘ಪರ್ಸುಯೇಷನ್’ನ ಆ ಎರಡೂ ರೂಪಗಳನ್ನು ತೆಗೆದುಕೊಂಡು ಹೋಗಿ, ಅವಳು ತೆಗೆದುಹಾಕಿದ ಅಧ್ಯಾಯ ಕಾದಂಬರಿಯ ಎಷ್ಟೋ ಮುದ್ರಣಗಳಲ್ಲಿ ಅನುಬಂಧವಾಗಿ ಇದೆ. ಎರಡನ್ನೂ ಗಟ್ಟಿಯಾಗಿ ಓದಿಸಿ. ಯಾವ ಸಾಲು ಹೋಯಿತು, ಯಾವುದು ಬಂತು, ಯಾಕೆ ಎಂದು ಅವರನ್ನೇ ಕೇಳಿ. ಈ ಸಭೆಯಲ್ಲಿರುವ ವಿದ್ಯಾರ್ಥಿಗಳು ಅಧ್ಯಾಪಕರಿಗಾಗಿ ಕಾಯುವುದೂ ಬೇಡ. ಗ್ರಂಥಾಲಯ ಸಂಜೆಯವರೆಗೂ ತೆರೆದಿರುತ್ತದೆ.